ಸೌದೆ ಕೊಟ್ಟಿಗೆಯಲ್ಲಿ ಮರಗೆಲಸ

ಮನೆಯಲ್ಲೇ ಮರಗೆಲಸ ಮಾಡುವವನಿಗೆ ಬೆರಳಿಗೆ ಆದ ಗಾಯ ಮಾಯುತ್ತದೆ; ಮನೆಯವರ ಮಾತು ಮಾತ್ರ ಪ್ರತಿ ವರ್ಷ ಹೊಸದಾಗಿ ಚಿಗುರುತ್ತದೆ. ನಾನು ಮಣಿಪಾಲದ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸುತ್ತಿದ್ದವನು. ಗೆರೆ ಕೂದಲಿನಷ್ಟು ಸರಿದರೂ ಹಾಳೆಯನ್ನು ಹಿಂದಕ್ಕೆ ಕೊಡುತ್ತೇನೆ ಎಂದು ವಿದ್ಯಾರ್ಥಿಗಳು ಬಯ್ಯುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ, ನನಗೆ ಬೇಸರವೂ ಇರಲಿಲ್ಲ.

ಮನೆ ಕಾಪುವಿನಲ್ಲಿ. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಮಳೆಗಾಲ ಕಳೆದು ಹಿತ್ತಲಿನ ಸೌದೆ ಕೊಟ್ಟಿಗೆ ಖಾಲಿಯಾದಾಗ, ಅದನ್ನು ನನ್ನ ವರ್ಕ್‌ಶಾಪ್ ಮಾಡಿಕೊಳ್ಳಲು ಹೆಂಡತಿ ಒಪ್ಪಿದಳು. ಅವಳದ್ದು ಒಂದೇ ಷರತ್ತು. ಪತ್ತನಾಜೆಯೊಳಗೆ, ಅಂದರೆ ಮುಂದಿನ ಮಳೆ ಹಿಡಿಯುವ ಮೊದಲು, ಮನೆಗೆ ಉಪಯೋಗ ಬೀಳುವ ಒಂದು ವಸ್ತುವಾದರೂ ಅಲ್ಲಿಂದ ಹೊರಗೆ ಬರಬೇಕು. ಬಾರದಿದ್ದರೆ ಸೌದೆ ಒಳಗೆ, ನಾನು ಹೊರಗೆ.

ನಾವು ಮನೆಯಲ್ಲಿ ಆಡುವುದು ಕೊಂಕಣಿ, ನೆರೆಯವರೊಡನೆ ತುಳು. ಓದುವವರ ಅನುಕೂಲಕ್ಕೆ ಎಲ್ಲರ ಬಾಯಲ್ಲೂ ಕನ್ನಡ ಹಾಕಿದ್ದೇನೆ. ಮಾತು ಮಾತ್ರ ಅವರದ್ದೇ.

ಅತ್ತೆಯವರ ತಪಾಸಣೆ

ನಾನು ಕಲಿತದ್ದು ಇಂಗ್ಲಿಷ್ ಶಾಲೆಯಲ್ಲಿ. ಮರಗೆಲಸ ಕಲಿತದ್ದೂ ಇಂಗ್ಲಿಷ್ ಪುಸ್ತಕದಿಂದ. ಕುರ್ಚಿ, ಮೇಜು ಎಂದು ಅವಸರ ಮಾಡಬೇಡ, ಮೊದಲು ಜಿಗ್‌ಗಳನ್ನು ಮಾಡಿಕೋ ಎಂದು ಆ ಪುಸ್ತಕ ಹೇಳುತ್ತಿತ್ತು. ಜಿಗ್ ಎಂದರೆ ಕೊಯ್ಯುವಾಗ, ಕೊರೆಯುವಾಗ, ಕೀಸುವಾಗ ಮರವೂ ಕೈಯೂ ತಪ್ಪಿ ಹೋಗದ ಹಾಗೆ ಹಿಡಿದುಕೊಳ್ಳುವ ಸಲಕರಣೆ. ಆ ಮಾತು ನನ್ನ ಸ್ವಭಾವಕ್ಕೆ ಸರಿಹೊಂದಿತು. ನಾನು ಜಿಗ್ ಮಾಡಿದೆ. ಅದು ನೆಟ್ಟಗೆ ಬರಬೇಕಾದರೆ ಇನ್ನೊಂದು ಬೇಕಾಯಿತು; ಅದನ್ನೂ ಮಾಡಿದೆ.

ಕಾರ್ಕಳದಿಂದ ಅತ್ತೆಯವರು ಬಂದಿದ್ದಾಗ ಕೊಟ್ಟಿಗೆ ನೋಡಲು ಬಂದರು. ಇದೆಂತದ್ದು ಎಂದು ಒಂದನ್ನು ತೋರಿಸಿ ಕೇಳಿದರು. ಕೊಯ್ಯುವಾಗ ಮರ ಜಾರದ ಹಾಗೆ ತಡೆಯುವುದು ಎಂದೆ. ಅದು? ಉಳಿ ಮಸೆಯುವಾಗ ಓರೆ ತಪ್ಪದಂತೆ ಹಿಡಿಯುವುದು. ಮತ್ತೆ ಆಚೆಯದ್ದು? ಮೊದಲಿನದರ ಅಂಚು ನೆಟ್ಟಗೆ ಮಾಡುವುದು.

ಅವರು ಮೂರನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಮಗಳ ಕಡೆ ತಿರುಗಿ, ಬಹಳ ಕನಿಕರದಿಂದ ಹೇಳಿದರು: "ಪಾಪ, ಇವರಿಗೆ ಒಂದು ದೋಸೆ ತಿನ್ನಬೇಕಾದರೆ ಮೊದಲು ಕಾವಲಿಗೆ ಬೇಕಾದ ಕಬ್ಬಿಣ ಅಗೆಯಲು ಹೋಗಬೇಕು."

ನಲವತ್ತೈದು ಡಿಗ್ರಿ

ಫೋಟೋದ ಚೌಕಟ್ಟು ಕಟ್ಟಲು ಮರದ ತುದಿಯನ್ನು ಓರೆಯಾಗಿ ಕೊಯ್ಯಬೇಕು. ಅದಕ್ಕೊಂದು ಉದ್ದನೆಯ ಪೆಟ್ಟಿಗೆ ಮಾಡಿದ್ದೆ. ಮೇಲ್ಭಾಗವೂ ಎರಡು ತುದಿಯೂ ತೆರೆದೇ ಇರುತ್ತವೆ; ಎರಡೂ ಬದಿಯ ಹಲಗೆಯಲ್ಲಿ ಓರೆಯಾದ ಸೀಳು. ಗರಗಸ ಆ ಸೀಳಿನಲ್ಲೇ ಓಡಾಡಬೇಕು, ಬೇರೆ ದಾರಿ ಇಲ್ಲ. ಮನುಷ್ಯರಿಗೂ ಹಾಗೊಂದು ಪೆಟ್ಟಿಗೆ ಇದ್ದಿದ್ದರೆ ಎಂದು ನಾನು ಅನೇಕ ಸಲ ಯೋಚಿಸಿದ್ದುಂಟು.

ಕ್ರಿಸ್‌ಮಸ್ ಹತ್ತಿರ ಬಂದಾಗ ಒಂದು ಸಂಜೆ ಕಾಲೇಜಿನಿಂದ ಬಂದು ನೋಡುತ್ತೇನೆ, ಪೆಟ್ಟಿಗೆ ಜಾಗದಲ್ಲಿಲ್ಲ. ಹುಡುಕಿದರೆ ಅಡುಗೆಮನೆಯಲ್ಲಿ ಸಿಕ್ಕಿತು. ಹೆಂಡತಿ ಎರಡೂ ತುದಿಗೆ ತುಂಡು ಹಲಗೆ ಕೊಟ್ಟು, ಒಳಗೆ ಬಾಳೆಲೆ ಹಾಸಿ, ಅದರ ತುಂಬ ಬೆಲ್ಲದ ಮಣ್ಣಿ ಹೊಯ್ದಿದ್ದಳು. ಹಿಟ್ಟು ಕಾಯಿಸಿ ಗಟ್ಟಿ ಮಾಡಿ, ವಜ್ರದ ಆಕಾರಕ್ಕೆ ಕತ್ತರಿಸುವ ಸಿಹಿ ಅದು. ನನ್ನ ಸೀಳುಗಳೊಳಗೆ ಚೂರಿ ಇಳಿಸಿ ಸರಾಗವಾಗಿ ತುಂಡು ಮಾಡುತ್ತಿದ್ದಳು.

ಅಳತೆಯ ಸಲಕರಣೆಗೆ ಬೆಲ್ಲ ತಾಗಿಸಬಾರದು, ಮರ ಉಬ್ಬುತ್ತದೆ, ಕೋನ ಕೆಡುತ್ತದೆ ಎಂದು ನಾನು ಏರುದನಿಯಲ್ಲೇ ಹೇಳಿದೆ. ಅವಳು ಬಟ್ಟಲಿಗೆ ಒಂದು ತುಂಡು ಹಾಕಿ ನನ್ನ ಮುಂದಿಟ್ಟಳು. "ಕೆಟ್ಟಿದೆಯಾ, ನೀವೇ ನೋಡಿ."

ನಾನು ಕೋನಮಾಪಕ ತಂದು ಇಟ್ಟು ನೋಡಿದೆ. ನಲವತ್ತೈದೇ ಇತ್ತು. ಬಯ್ಯಲು ಮತ್ತೇನೂ ಉಳಿಯಲಿಲ್ಲ, ತಿಂದೆ.

ನೆಲದ ದೋಷ

ಬೇಸಿಗೆ ಬರುವಾಗ ಮನೆಗೊಂದು ಸ್ಟೂಲು ಮಾಡಿ ಮುಗಿಸಿದೆ. ಹಲಸಿನ ಮರದ್ದು. ಒಂದು ಮೊಳೆ ಇಲ್ಲ, ಎಲ್ಲ ಕೂಡುಗಳೂ ಕಚ್ಚಿ ಕುಳಿತಿದ್ದವು. ಅಡುಗೆಮನೆಯಲ್ಲಿ ಇಟ್ಟರೆ ಅಲ್ಲಾಡಿತು.

ಒಂದು ಕಾಲನ್ನು ಚೂರು ಕೀಸಿ ಎಂದಳು ಹೆಂಡತಿ. ಸರಿ ಇರುವ ಕಾಲನ್ನು ನಾನು ಯಾಕೆ ಕೀಸಬೇಕು? ನೆಲದ ಏರುತಗ್ಗು ತೋರಿಸುವ ರಸಮಟ್ಟ ಇಟ್ಟು ಪರೀಕ್ಷಿಸಿದೆ. ನಾನೆಣಿಸಿದ ಹಾಗೆ ತಪ್ಪು ನೆಲದ್ದೇ. ರುಬ್ಬುವ ಕಲ್ಲು ಇದ್ದಲ್ಲಿ ತಗ್ಗು, ಬಾಗಿಲ ಕಡೆಗೆ ಇಳಿಜಾರು. ತಪ್ಪು ಯಾರದೋ ಅವರನ್ನೇ ತಿದ್ದಬೇಕು ಎನ್ನುವುದು ನನ್ನ ತತ್ವ. ಮೇಸ್ತ್ರಿಯನ್ನು ಕರೆಸಿದೆ.

ಮೇಸ್ತ್ರಿ ನೆಲ ನೋಡಿದ, ಸ್ಟೂಲು ನೋಡಿದ, ಕೊನೆಗೆ ನನ್ನನ್ನು ನೋಡಿದ. "ಮನೆಗೆ ಬೇಕಾಗಿ ಸ್ಟೂಲು ಮಾಡುವುದು ಕೇಳಿದ್ದೇನೆ ಮಾರಾಯ್ರೇ," ಎಂದ. ಮುಂದಿನ ಮಾತು ನುಂಗಿಕೊಂಡು, ನಾನು ಹೇಳಿದ ಹಾಗೆಯೇ ರಸಮಟ್ಟ ಒಪ್ಪುವಂತೆ ಕೆಂಪು ಸಿಮೆಂಟಿನ ನೆಲ ಮಾಡಿ ಹೋದ.

ಸ್ಟೂಲು ಅಲ್ಲಾಡುವುದು ನಿಂತಿತು. ಅಡುಗೆಮನೆ ತೊಳೆದ ನೀರು ಹೊರಗೆ ಹೋಗುವುದೂ ನಿಂತಿತು. ಹೆಂಡತಿ ಸ್ಟೂಲಿನ ಮೇಲೆ ಕಾಲು ಮಡಚಿ ಕುಳಿತು, ಸುತ್ತಲಿನ ನೀರು ನೋಡುತ್ತಾ, "ಇದನ್ನು ಉಪಯೋಗ ಅಂತ ಲೆಕ್ಕ ಹಿಡಿಯಬೇಡಿ," ಎಂದಳು.

ಪತ್ತನಾಜೆ

ನನಗೆ ಉಳಿದದ್ದು ಒಂದೇ ದಾರಿ: ಊಟದ ಮೇಜು. ಅಷ್ಟು ಅಗಲದ ಹಲಗೆ ಸಿಗುವುದಿಲ್ಲ, ಎರಡು ಮೂರು ಸೇರಿಸಿ ಅಂಟಿಸಬೇಕು. ಅಂಟು ಒಣಗುವ ತನಕ ಹಲಗೆ ಬಾಗದಂತೆ ಅದುಮಿ ಹಿಡಿಯಲು ಒಂದು ಪ್ರೆಸ್ ಮಾಡಿದೆ. ಕೆಳಗೊಂದು, ಮೇಲೊಂದು ದಪ್ಪ ಹಲಗೆ, ಕನ್ನಡಿಯಂತೆ ಕೀಸಿದ್ದು. ಮೇಲಿನದನ್ನು ಕೆಳಕ್ಕೆ ಅದುಮಲು ಕಬ್ಬಿಣದ ತಿರುಪು. ಉಡುಪಿಯ ಗುಜರಿ ಅಂಗಡಿಯಲ್ಲಿ ಹುಡುಕಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟು ತಂದದ್ದು. ಜಿಗ್‌ಗಳಲ್ಲೆಲ್ಲ ಇದೇ ನನ್ನ ಉತ್ತಮ ಕೆಲಸ. ಇನ್ನು ಮೇಜು ಶುರು ಮಾಡುವುದಷ್ಟೇ ಬಾಕಿ.

ಅದೇ ಸಮಯದಲ್ಲಿ ಊರಿಡೀ ಹಲಸಿನ ಹಪ್ಪಳದ ಗಡಿಬಿಡಿ. ಮಳೆ ಬಂದರೆ ಒಣಗಿಸಲು ಬಿಸಿಲಿಲ್ಲ. ಹಲಸಿನ ಸೊಳೆ ಬೇಯಿಸಿ, ಅರೆದು, ಉಂಡೆ ಮಾಡಿ, ಎರಡು ಹಲಗೆಯ ನಡುವೆ ಇಟ್ಟು ಅದುಮಬೇಕು. ಅದುಮಲು ಪಕ್ಕದ ಮನೆಯ ಅಕ್ಕ ಮಣೆಯ ಮೇಲೆ ಕುಳಿತು, ಏಳುತ್ತಾ ಕೂರುತ್ತಾ ಮಂಡಿ ನೋಯಿಸಿಕೊಂಡಿದ್ದರು. ಒಂದು ಸಮತಟ್ಟಾದ ಹಲಗೆ ಉಂಟಾ ಎಂದು ಕೇಳಲು ಬಂದವರಿಗೆ ನನ್ನ ಹೆಂಡತಿ ಪ್ರೆಸ್ ತೋರಿಸಿದಳಂತೆ. ನಾನು ಕಾಲೇಜಿನಲ್ಲಿದ್ದೆ.

ಮರುದಿನ ಮೂರು ಮನೆಯವರು ಬಂದರು. ಆ ವಾರದಲ್ಲಿ ಕೇರಿಯೇ ಬಂತು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಂಗಳವಿಡೀ ಚಾಪೆ, ಚಾಪೆಯಿಡೀ ಹಪ್ಪಳ. ಒಂದಕ್ಕೊಂದು ಅಚ್ಚು ಹೊಡೆದ ಹಾಗೆ ಇದ್ದವು ಎನ್ನುವುದನ್ನು ಮಾತ್ರ ಒಪ್ಪಿಕೊಳ್ಳಬೇಕು. ಮೇಜಿನ ಹಲಗೆಗಳು ಮೂಲೆಯಲ್ಲಿ ಒರಗಿಕೊಂಡು ಅದನ್ನು ನೋಡುತ್ತಿದ್ದವು. ನಾನೂ ನೋಡುತ್ತಿದ್ದೆ. ಪತ್ತನಾಜೆ ಹತ್ತಿರ ಬರುತ್ತಿತ್ತು.

ರಜೆಯ ಒಂದು ಬೆಳಿಗ್ಗೆ ಪೇಟೆಗೆ ಹೋಗಿ ಬರುವಾಗ ಸೌದೆಯ ಗಾಡಿ ಹಿತ್ತಲಿನಲ್ಲಿ ನಿಂತಿತ್ತು. ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ಪಕ್ಕದ ಮನೆಯ ಅಕ್ಕ ನಿಂತಿದ್ದರು. ಕೈಯೆಲ್ಲ ಹಲಸಿನ ಹಿಟ್ಟು.

"ಬಾಯಮ್ಮ, ಸೌದೆ ಎಲ್ಲಿಯಾದರೂ ಇಡಿ," ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದರು. "ಇದನ್ನು ಮುಚ್ಚಿದರೆ ನಾವು ಹಪ್ಪಳ ಮಾಡುವುದು ಎಲ್ಲಿ? ಇಷ್ಟು ಉಪಯೋಗದ ವಸ್ತು ಈ ಕೇರಿಯಲ್ಲೇ ಯಾರ ಮನೆಯಲ್ಲೂ ಇಲ್ಲ."

ಹೆಂಡತಿ ನನ್ನ ಮುಖ ನೋಡಿದಳು. ಮಾತಿಗೆ ತಪ್ಪುವವಳಲ್ಲ ಅವಳು. ಸೋತೆ ಎಂದೂ ಹೇಳುವವಳಲ್ಲ. ಗಾಡಿಯವನಿಗೆ, "ಒಳಗೆ ಇವರ ಓದುವ ಕೋಣೆ ಉಂಟಲ್ಲ, ಅಲ್ಲಿ ಹಾಕು," ಎಂದಳು.

ಕೊಟ್ಟಿಗೆ ಉಳಿಯಿತು. ಆದರೆ ನ್ಯಾಯ ನ್ಯಾಯವೇ. ಅದು ಮೇಜಿನ ಹಲಗೆ ಅಂಟಿಸಲು ಮಾಡಿದ ಪ್ರೆಸ್, ಕೊಟ್ಟಿಗೆ ನನ್ನದು, ನನಗೀಗ ಕೆಲಸ ಶುರು ಮಾಡಬೇಕು ಎಂದು ಗಂಭೀರವಾಗಿಯೇ ತಿಳಿಸಿ ಬಾಗಿಲ ಬಳಿ ಹೋದೆ.

"ನಿಮ್ಮದೇ ಪೊರ್ಬುಲೆ, ಯಾರು ಅಲ್ಲ ಅಂದದ್ದು?" ಎಂದರು ಅಕ್ಕ. ನಮ್ಮ ಕಡೆ ತುಳುವರು ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ; ಹೆಂಗಸರನ್ನು ಬಾಯಮ್ಮ ಎಂದು. "ಚಪ್ಪಲಿ ಮಾತ್ರ ಹೊರಗೆ ಬಿಡಿ. ಒಳಗೆ ಹಿಟ್ಟು ಉಂಟು."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ತಿರುಪು ತಿರುಗಿಸಲು ಗಟ್ಟಿ ಕೈಯವರು ಯಾರಾದರೂ ಬೇಕೆಂದು ಅವರು ಬೆಳಿಗ್ಗೆಯಿಂದ ಕಾಯುತ್ತಿದ್ದರಂತೆ.