ಮನುಷ್ಯನ ವೇಷದ ಪ್ರೋಗ್ರಾಮು

ಸ್ವಂತ ಹೆಂಡತಿಯೇ ಕಣ್ಣಾಸ್ಪತ್ರೆಯಲ್ಲಿ ಫೋನೆತ್ತುವ ಕೆಲಸದಲ್ಲಿರುವಾಗ, ಹೆತ್ತ ತಾಯಿಯ ಕಣ್ಣಿನ ಪೊರೆ ತೆಗೆಸಲು ತಾನು ಊರವರ ಜೊತೆ ಕಾಯಬೇಕೇ ಎಂಬುದು ನಮ್ಮ ಪ್ರೋಗ್ರಾಮರ್ ಮಹಾಶಯನ ಮೂರು ವಾರದ ಸಂಕಟ. ಆಪರೇಷನ್ನಿಗೆ ಜಾಗ ಕಾದಿರಿಸುವ ಆಸ್ಪತ್ರೆಯ ವೆಬ್‌ಸೈಟು ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತಿತ್ತು. ಎರಡೇ ನಿಮಿಷಕ್ಕೆ ವಾರದ ಜಾಗವೆಲ್ಲ ಭರ್ತಿ.

"ನೀನೊಂದು ಮಾತು ಹೇಳಿದ್ರೆ ಆಗಲ್ವೇನೇ?"

"ಆಗುತ್ತೆ. ಹೇಳಲ್ಲ. ಅತ್ತೆಗಿರೋದೂ ಕಣ್ಣೇ, ಬೇರೆಯವರಿಗಿರೋದೂ ಕಣ್ಣೇ."

ಸರಿ, ಮಹಾಶಯ ಬಾಗಿಲು ಹಾಕಿಕೊಂಡು ತಾನೇ ಒಂದು ಪ್ರೋಗ್ರಾಮು ಬರೆದ. ಯಂತ್ರಗಳಿಗೆ ಪ್ರವೇಶವಿಲ್ಲ ಎಂದು ವೆಬ್‌ಸೈಟಿನಲ್ಲೇ ಬರೆದಿತ್ತು. ಬಂದವರು ಯಾರೆಂದು ಅದು ಕೇಳಿದರೆ, ಎಲ್ಲರ ಫೋನಿನಲ್ಲಿರುವ ಸಾಧಾರಣ ಬ್ರೌಸರಿನ ಹೆಸರನ್ನೇ ಹೇಳುವಂತೆ ತನ್ನ ಪ್ರೋಗ್ರಾಮಿಗೆ ಕಲಿಸಿದ. ನಡುನಡುವೆ ಯೋಚಿಸುವವರಂತೆ ತಡೆದು ನಿಲ್ಲುವುದನ್ನೂ ಕಲಿಸಿದ. (ಹೆಂಡತಿಯೆದುರು ದಿನವೂ ಮಾಡುವ ಅಭಿನಯ, ಕಲಿಸಲು ಕಷ್ಟವಾಗಲಿಲ್ಲ.)

ಮಗ ಹೆಮ್ಮೆಯಿಂದ ವಿವರಿಸಿದ್ದನ್ನು ಕೇಳಿ ಅಮ್ಮ, "ಸುಳ್ಳು ಹೇಳಿದ ಹಾಗಾಗಲ್ವೇನೋ?" ಎಂದಳು.

"ಮೆಷಿನ್ನಿಗೆ ಮೆಷಿನ್ನು ಹೇಳೋ ಸುಳ್ಳಮ್ಮ. ಯಾರಿಗೇನು ನಷ್ಟ?"

ಸೋಮವಾರ ಎಂಟಕ್ಕೆ ಅಮ್ಮನಿಗೆ ಜಾಗ ಸಿಕ್ಕಿತು. ಸಿಕ್ಕ ಮೇಲೆ ನಿಲ್ಲು ಎಂದು ಹೇಳಿಕೊಡುವುದನ್ನು ಮಾತ್ರ ಮಹಾಶಯ ಮರೆತಿದ್ದ. ಪ್ರೋಗ್ರಾಮು ಅಮ್ಮನ ಹೆಸರಿನಲ್ಲೇ ಆ ವಾರದ ನಲವತ್ತೂ ಜಾಗ ಹಿಡಿದು ಹಾಕಿತು.

ಸಂಜೆ ಬಂದ ಹೆಂಡತಿ ಚಪ್ಪಲಿಯನ್ನೂ ಬಿಡಲಿಲ್ಲ. "ನಿಮ್ಮಮ್ಮನಿಗೆ ಎಷ್ಟು ಕಣ್ಣಿದೆ ರೀ? ದಿನವಿಡೀ ಬೈಸಿಕೊಂಡೆ. ಬಸ್ ಓಡಿಸೋರೊಬ್ರು, ರಸ್ತೆ ಕಾಣದೆ ರಜೆ ಹಾಕಿ ಮನೇಲಿ ಕೂತಿದ್ದಾರೆ. ಅವರು ಬೈಲಿಲ್ಲ. ಅತ್ತರು."

ಅಮ್ಮ ಮಗನ ಕಡೆ ತಿರುಗಲಿಲ್ಲ. "ನಂದನ್ನೂ ಸೇರಿಸಿ ತೆಗೆದುಹಾಕಮ್ಮ" ಎಂದು ಸೊಸೆಗೆ ಹೇಳಿ, ಗೋಡೆ ತಡವುತ್ತ ಒಳಗೆ ಹೋದಳು.

ಜಾಗ ಸಿಗದವರ ಪಟ್ಟಿಯನ್ನು ಹೆಂಡತಿ ಗಂಡನ ಮುಂದೆ ಎಸೆದಳು. "ಒಬ್ಬೊಬ್ಬರಿಗೂ ಫೋನ್ ಮಾಡಿ, ಜಾಗ ಇದೆ ಬನ್ನಿ ಅನ್ನಿ. ನೀವೇ, ನಿಮ್ಮ ಬಾಯಲ್ಲೇ."

ಮೊದಲು ಬಸ್ ಡ್ರೈವರನ ಮನೆ. ನಾಚಿಕೆಯಲ್ಲಿ ಮಾತು ತಪ್ಪದಿರಲೆಂದು ಮಹಾಶಯ ಬರೆದುಕೊಂಡದ್ದನ್ನೇ ಒಂದೇ ಸಮನೆ ಓದಿದ: "ನಮಸ್ಕಾರ. ಕಣ್ಣಾಸ್ಪತ್ರೆಯಿಂದ ಮಾತನಾಡುತ್ತಿದ್ದೇನೆ. ನಿಮಗೆ ಗುರುವಾರ ಹತ್ತು ಗಂಟೆಗೆ..."

"ಯಾರಂತೆ?" ಆ ಕಡೆ ದೂರದಿಂದ ಗಂಡಸಿನ ದನಿ.

"ಯಾರೂ ಇಲ್ಲ ರೀ," ಫೋನೆತ್ತಿದ ಹೆಂಗಸು ಹೇಳಿದಳು. "ಯಾವುದೋ ಮೆಷಿನ್ನು."

"ಅಮ್ಮಾ, ನಾನು ಮನುಷ್ಯ ಕಣಮ್ಮಾ!" ಎಂದು ಮಹಾಶಯ ಕೂಗಿದ.

"ಹಾಗನ್ನೋದನ್ನೂ ಕಲಿಸಿಟ್ಟಿದ್ದಾರೆ ನೋಡಿ, ಹಾಳಾದೋರು" ಎನ್ನುತ್ತ ಆಕೆ ಫೋನ್ ಕುಕ್ಕಿದಳು.