ಮಾವನವರೂ ಮೂಲೆಯ ಪ್ಯಾದೆಯೂ

ನಮ್ಮ ಮಾವನವರನ್ನು ಚದುರಂಗದಲ್ಲಿ ಸೋಲಿಸಲು ಎರಡೇ ಉಪಾಯಗಳಿದ್ದವು. ಒಂದು, ಅವರಿಗಿಂತ ಚೆನ್ನಾಗಿ ಆಡುವುದು. ಅದು ನಮ್ಮೂರು ನಾರಾಯಣಪೇಟೆಯಲ್ಲಿ ಯಾರಿಂದಲೂ ಆಗಲಿಲ್ಲ. ಇನ್ನೊಂದು, ಚದುರಂಗವೇ ಬರದವರ ಹಾಗೆ ಆಡುವುದು. ಅದು ನನ್ನಂಥವಳಿಂದಲೂ ಆಗುತ್ತಿತ್ತು!

ಆಗಿನ್ನೂ ನಿಜಾಮರ ಕಾಲ. ಮಾವನವರದು ಸೀರೆ ವ್ಯಾಪಾರ. ನಮ್ಮೂರ ಸೀರೆಯನ್ನು ಗದ್ವಾಲದಲ್ಲಿ ಮಾರಿ, ಗದ್ವಾಲದ ಸೀರೆಯನ್ನು ನಮ್ಮೂರಿಗೆ ತರುತ್ತಿದ್ದರು. ಹಾಗೆ ಹೋದಾಗಲೇ ಅಲ್ಲಿನ ಮುದುಕರೊಬ್ಬರು ಅವರಿಗೆ ಆಟ ಆರಂಭಿಸುವ ಬಗೆಗಳನ್ನು ಕಲಿಸಿದ್ದು. ಎದುರಿನವನು ಇದನ್ನು ನಡೆಸಿದರೆ ನೀನು ಅದನ್ನು ನಡೆಸು, ಅವನು ಆ ಕಡೆ ತಿರುಗಿದರೆ ನೀನು ಈ ಕಡೆ ಮುಚ್ಚು. ಮಾವನವರು ಅಷ್ಟನ್ನೂ ಬಾಯಿಪಾಠ ಮಾಡಿಬಿಟ್ಟರು. ಬೇರೆಯವರು ಸ್ನಾನ ಮಾಡುವಾಗ ದೇವರ ನಾಮ ಹೇಳಿಕೊಂಡರೆ ಇವರು, “ಕುದುರಿ ಹೊರಗ, ಒಂಟಿ ಅಡ್ಡ, ರಾಜ ಮೂಲಿಗಿ” ಎಂದು ಕುದುರೆ, ಒಂಟೆ ಕಾಯಿಗಳ ನಡೆ ಹೇಳಿಕೊಳ್ಳುತ್ತಿದ್ದರು. ಪಕ್ಕದ ಮನೆಗೆ ಹೊಸದಾಗಿ ಬಂದ ಹೆಂಗಸು ನಮ್ಮತ್ತೆಯನ್ನು, “ನಿಮ್ಮ ಹಿತ್ತಲದಾಗ ಒಂಟಿ ಸಾಕೀರೇನ್ರಿ?” ಎಂದು ಕೇಳಿದ್ದಳಂತೆ.

ಬರೀ ಆಟದಲ್ಲಿ ಹೀಗಿದ್ದರೆ ಹೋಗಲಿ ಎನ್ನಬಹುದಿತ್ತು. ಬದುಕನ್ನೂ ಅವರು ಮೊದಲೇ ತಾಲೀಮು ಮಾಡಿಕೊಂಡು ಆಡುತ್ತಿದ್ದರು. ನನ್ನನ್ನು ನೋಡಲು ನನ್ನ ತವರು ಮಕ್ತಲಿಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಬಂದಿದ್ದರು. ಮೊದಲನೆಯದು, ನಿನ್ನ ಹೆಸರೇನು ಎಂಬುದು. ಆದರೆ ನನ್ನನ್ನು ಕರೆತಂದ ಸೋದರತ್ತೆ, ಕೂರಿಸುವಾಗಲೇ ಹೆಸರು ಹೇಳಿಬಿಟ್ಟಳು. ಮುಗಿಯಿತು. ಮೊದಲನೆಯದನ್ನು ಕೇಳದೆ ಎರಡನೆಯದಕ್ಕೆ ಹೋಗುವುದು ಹೇಗೆ? ಮಾವನವರು ಬಾಯಿ ತೆರೆದರು, ಮುಚ್ಚಿದರು, ಗೋಡೆ ನೋಡಿದರು. ಹುಡುಗಿ ಒಪ್ಪಿಗೆಯಾಗಲಿಲ್ಲ ಎಂದುಕೊಂಡು ನಮ್ಮಪ್ಪನ ಮುಖ ಸಣ್ಣಗಾಯಿತು. ನನಗೇ ಪಾಪ ಅನ್ನಿಸಿ, ತಲೆ ತಗ್ಗಿಸಿಕೊಂಡೇ, “ಹೆಸರು ಕೇಳ್ರಿ, ಮತ್ತ ಹೇಳ್ತೀನಿ” ಎಂದೆ. ಅವರು ನೆಮ್ಮದಿಯಿಂದ ಕೇಳಿದರು. ಆಮೇಲೆ ಪ್ರಶ್ನೆಗಳು ನೀರಿನಂತೆ ಹರಿದವು.

ಆದರೆ ಆಟ ಅವರಿಗೆ ಗೊತ್ತಿದ್ದ ದಾರಿಯಲ್ಲೇ ಸಾಗಿದರೆ ನೋಡಬೇಕು! ಗದ್ವಾಲದಿಂದ ಒಬ್ಬ ವಕೀಲರು ದೊಡ್ಡ ಆಟಗಾರರೆಂದು ಹೆಸರು ಹೊತ್ತು ನಮ್ಮ ಮನೆಗೆ ಬಂದಿದ್ದರು. ನಾನು ಚಹಾ ಇಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವಷ್ಟರಲ್ಲಿ ವಕೀಲರ ವಜೀರ ಹೋಗಿತ್ತು. ಚಹಾ ಆರುವ ಮೊದಲೇ ರಾಜನೂ ಸಿಕ್ಕಿಬಿದ್ದ. ವಕೀಲರು ಚಹಾ ಕುಡಿಯುವುದನ್ನು ಮರೆತು ಹಲಗೆಯನ್ನೇ ನೋಡುತ್ತ ಕೂತರು. ಮಾವನವರ ಮುಖದಲ್ಲಿ ಗರ್ವವಿರಲಿಲ್ಲ. “ನೀವು ಭಾಳ ಛಂದ ಆಡಿದ್ರಿ. ನಮ್ಮ ಗುರುಗಳು ಹೇಳಿದಂಗೇ ಆಡಿದ್ರಿ” ಎಂದು ಮನಸಾರೆ ಹೊಗಳಿದರು.

ಅಂಥ ಮಾವನವರನ್ನು ಗೋಳಾಡಿಸುತ್ತಿದ್ದವರು ಹಿಂದಿನ ಓಣಿಯ ಮಾಸ್ತರ ಸಾಹೇಬರು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ವಕೀಲರು ಸೋತು ಹೋದ ಮರುದಿನ ಅವರು ಬಂದು ಕೂತವರೇ ಮೂಲೆಯ ಪ್ಯಾದೆಯನ್ನು, ಅಂದರೆ ಕಾಲಾಳನ್ನು, ಒಂದು ಮನೆ ಮುಂದೆ ತಳ್ಳಿದರು.

“ಇದೇನ್ರಿ ಮಾಸ್ತರ ಸಾಬ್?”

“ಪ್ಯಾದೆ.”

“ಪ್ಯಾದೆ ಅನ್ನೋದು ನನಗೂ ಕಾಣ್ತೈತಿ. ಯಾಕ ನಡಿಸಿದ್ರಿ?”

“ಸುಮ್ಮನ.”

“ಸುಮ್ಮನ ಯಾರರ ನಡಸ್ತಾರೇನ್ರಿ?”

ಮಾವನವರು ಯೋಚನೆಗೆ ಬಿದ್ದರು. ಅತ್ತೆ ಊಟಕ್ಕೆ ಕರೆದರು, ಏಳಲಿಲ್ಲ. ರೊಟ್ಟಿ ಸೆಟೆದುಕೊಂಡಿತು. ಮಾಸ್ತರರು ಅಲ್ಲೇ ಗೋಡೆಗೊರಗಿ ಒಂದು ನಿದ್ದೆ ಮುಗಿಸಿದರು. ಎದ್ದಾಗ ಮಾವನವರು ಬಹಳ ಸೌಜನ್ಯದಿಂದ, “ನಿಮಗ ತ್ರಾಸ ಆಗಂಗಿಲ್ಲಂದ್ರ ಅದನ್ನ ವಾಪಸ್ ಇಡ್ರಿ” ಎಂದರು. ತಮ್ಮ ನಡೆಯನ್ನು ಹಿಂದಕ್ಕೆ ಕೇಳುವವರನ್ನು ನೀವು ಕಂಡಿರಬಹುದು. ಎದುರಿನವರ ನಡೆಯನ್ನು ಹಿಂದಕ್ಕೆ ಇಡಿರೆಂದು ಬೇಡುವವರು ಬೇರೆಲ್ಲಾದರೂ ಇದ್ದಾರೆಯೇ?

ಆಮೇಲೆ ಭಾರತದ ಸೈನ್ಯ ಬಂದು, ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಳ್ವಿಕೆ ಮುಗಿಯಿತು. ನನ್ನ ಗಂಡ ಸೀರೆ ಗಂಟಿನೊಂದಿಗೆ ಗದ್ವಾಲಕ್ಕೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು. ನಿಜಾಮರ ಪರವಾಗಿ ಹಾವಳಿ ಮಾಡಿದ್ದ ರಜಾಕಾರರ ಮೇಲಿನ ಸಿಟ್ಟನ್ನು ಕೆಲವರು ಯಾರ ತಂಟೆಗೂ ಹೋಗದ ಮುಸಲ್ಮಾನರ ಮನೆಗಳ ಮೇಲೆ ತೀರಿಸಿಕೊಳ್ಳತೊಡಗಿದರು. ಒಂದು ಬೆಳಿಗ್ಗೆ ಮಾವನವರು ಹೋಗಿ ಮಾಸ್ತರರನ್ನು ಕೈಹಿಡಿದು ಕರೆತಂದು, ಒಳಕೋಣೆಯಲ್ಲಿ ಸೀರೆಗಳ ನಡುವೆ ಕೂರಿಸಿದರು. ಆಮೇಲೆ ಶುರುವಾಯಿತು ತಾಲೀಮು. ಮಾಸ್ತರರನ್ನು ಹುಡುಕಿಕೊಂಡು ಬರಬಹುದಾದ ಗುಂಪಿನವರ ಪಾತ್ರ ನಮ್ಮತ್ತೆಯದು.

“ಮಾಸ್ತರ ಎಲ್ಲಿ ಅಂತ ಕೇಳು.”

“ಮಾಸ್ತರ ಎಲ್ಲಿ?”

“ಹೈದರಾಬಾದಿಗಿ ಹೋಗ್ಯಾರ. ಈಗ ಯಾವಾಗ ಅಂತ ಕೇಳು.”

“ಯಾವಾಗ?”

“ಹೋದ ವಾರ.”

ಮಧ್ಯಾಹ್ನ ಗುಂಪು ಬಂದೇ ಬಂತು. ಮಾವನವರು ಬಾಗಿಲಿಗೆ ಹೋಗಿ ನಿಂತರು. ಮುಂದಿದ್ದವನು ನಮ್ಮ ಓಣಿಯವನೇ, ನಮ್ಮ ಮನೆಯಲ್ಲಿ ಉಂಡವನು. ಅವನು ಮಾಸ್ತರ ಎಲ್ಲಿ ಎಂದು ಕೇಳಲಿಲ್ಲ. ಕೆಳಗೆ ನೋಡಿ, “ಕಾಕಾ, ಈ ಚಪ್ಪಲಿ ಯಾರವು? ನಿಮ್ಮವು ನಿಮ್ಮ ಕಾಲಾಗ ಅದಾವ” ಎಂದ.

ನಾನು ಬಾಗಿಲ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡೆ. ಒಂದು ಪ್ಯಾದೆಗೆ ಇಡೀ ಮಧ್ಯಾಹ್ನ ಕಳೆಯುವ ಮನುಷ್ಯ ಇವರು. ಅತ್ತೆ ನನ್ನ ರಟ್ಟೆ ಹಿಡಿದಿದ್ದ ಬಿಗಿ ಇನ್ನೂ ನೆನಪಿದೆ.

ಮಾವನವರು ಹೊಸ್ತಿಲ ಮೇಲೆ ಕೂತುಬಿಟ್ಟರು.

“ಮಾಸ್ತರ ಸಾಹೇಬರವು. ಒಳಗ ಅದಾರ” ಎಂದರು. “ನಿನಗ ಉರ್ದು ಅಲಿಫ್ ಬೇ ತಿದ್ದಿಸಿದವರು ಅವ್ರೇ ಅಲ್ಲೇನೋ? ನೋಡಬೇಕಂದ್ರ ಹೋಗು. ನನ್ನ ಮ್ಯಾಲೆ ಕಾಲಿಟ್ಟು ದಾಟಿ ಹೋಗು.”

ಹಿಂದಿನವರು ಮುಂದಿನವನನ್ನು ನೋಡಿದರು. ಅವನು ಮಾವನವರ ಬಿಳಿ ತಲೆಯನ್ನು ನೋಡಿದ. “ನಡ್ರಿ ನಡ್ರಿ” ಎಂದು ಯಾರೋ ಗೊಣಗಿದರು. ಬಂದ ಹಾಗೆಯೇ ಹೋದರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನಾನೂ ಅತ್ತೆಯೂ ಮಾವನವರನ್ನು ಹಿಡಿದು ಒಳಗೆ ಕರೆತಂದು ಬಾಗಿಲು ಹಾಕಿದೆವು. ಅಷ್ಟು ಧೈರ್ಯದ ಮಾತು ಹೇಗೆ ಹೊಳೆಯಿತೆಂದು ಅತ್ತೆ ಕೇಳಿದರೆ, “ನಾ ಏನಂದ್ನೋ ನನಗ ಗೊತ್ತಿಲ್ಲ. ನೀರು ಕೊಡು” ಎಂದರು. ತಂಬಿಗೆ ಕೊಟ್ಟರೆ ಅರ್ಧ ನೀರು ಧೋತರದ ಮೇಲೆ ಚೆಲ್ಲಿಕೊಂಡರು. ಮಾಸ್ತರರು ಕೋಣೆಯಿಂದ ಬಂದು ತಂಬಿಗೆ ತೆಗೆದುಕೊಂಡರು. ಇನ್ನೊಂದು ಕೈಯಿಂದ ಮಾವನವರ ತಲೆ ಹಿಡಿದು, ಮಗುವಿಗೆ ಕುಡಿಸಿದ ಹಾಗೆ ಕುಡಿಸಿದರು.

ನಮ್ಮ ಮನೆಯಲ್ಲಿ ಮಾಸ್ತರರಿಗೆ ಚಹಾ ಕೊಡುವ ಲೋಟವನ್ನು ಬೇರೆಯೇ ಇಡುತ್ತಿದ್ದೆವು. ಮಡಿಯ ವಿಷಯದಲ್ಲಿ ಅತ್ತೆ ಬಹಳ ಬಿಗಿ. ನಾನು ಅವರ ಮುಖ ನೋಡಿದೆ. ಅವರು ಖಾಲಿ ತಂಬಿಗೆಯನ್ನು ಮಾಸ್ತರರ ಕೈಯಿಂದ ಇಸಿದುಕೊಂಡು, ಮಡಿನೀರಿನ ಕೊಡದಲ್ಲೇ ಅದ್ದಿ ತುಂಬಿ, ಮತ್ತೆ ಅವರ ಕೈಗೇ ಕೊಟ್ಟರು.

“ಇನ್ನೊಂದೀಟು ಕುಡಸ್ರಿ ಮಾಸ್ತರ” ಎಂದರು.