ಹದಿನಾಲ್ಕು ವಿಷಯ, ನಲವತ್ತೊಂದು ಕಿಲೋ

ವಿಮಾನ ಹಾರಿಸುವವರಿಗೆ ವಿದ್ಯೆ ಅಗತ್ಯ ಎಂಬುದನ್ನು ನಮ್ಮ ವಿಮಾನ ಸಂಸ್ಥೆಯು ತಾತ್ವಿಕವಾಗಿ ಒಪ್ಪಿಕೊಂಡಿದೆ.

ಅದರಂತೆ, ಆರು ವರ್ಷದಿಂದ ಕೌಂಟರಿನಲ್ಲಿ ಪ್ರಯಾಣಿಕರ ಪೆಟ್ಟಿಗೆ ತೂಗುತ್ತಿದ್ದ ಹುಡುಗಿಯನ್ನು ಸಂಸ್ಥೆಯ ಖರ್ಚಿನಲ್ಲಿ ಪೈಲಟ್ ಮಾಡಲು ತೀರ್ಮಾನವಾಯಿತು. ಅವಳು ಕೆಲಸ ಬಿಡದೆ, ಪಾಠಗಳನ್ನು ಮನೆಗೇ ತರಿಸಿಕೊಂಡು ಓದಿ, ಮೂವತ್ತು ತುಂಬುವುದರೊಳಗೆ ಹದಿನಾಲ್ಕು ಥಿಯರಿ ಪರೀಕ್ಷೆ ಪಾಸಾಗಬೇಕು. ಅವಳಿಗೆ ಆಗಲೇ ಇಪ್ಪತ್ತೆಂಟೂವರೆ. ಪಾಠ ಯಾವ ದೂರಶಿಕ್ಷಣ ಶಾಲೆಯದಾಗಿರಬೇಕೆಂದು ನಿರ್ಧರಿಸಲು ಮೂವರ ಸಮಿತಿ ರಚಿಸಲಾಯಿತು. ಅಧ್ಯಕ್ಷರು ವಿಮಾನ ಹತ್ತಲು ಹೆದರಿ ರೈಲಿನಲ್ಲೇ ಓಡಾಡುವವರಾದ್ದರಿಂದ ಅವರನ್ನು ನಿಷ್ಪಕ್ಷಪಾತಿಗಳೆಂದು ಪರಿಗಣಿಸಲಾಯಿತು. ಉಳಿದಿಬ್ಬರು ಸರಕು ವಿಭಾಗದ ಮುಖ್ಯಸ್ಥರು ಮತ್ತು ಅವರ ಭಾವಮೈದುನ.

ಮೂರು ಶಾಲೆಗಳು ಪುಸ್ತಕದ ಪೆಟ್ಟಿಗೆ ಕಳಿಸಿದವು. ಮೊಹರು ಒಡೆದರೆ ಮಾದರಿ ಅಸಿಂಧು ಎಂಬ ನಿಯಮವಿತ್ತು. ತೆರೆಯದೆ ಬೆಲೆ ಕಟ್ಟುವ ವಿಧಾನ ನಮ್ಮಲ್ಲಿರುವುದು ಒಂದೇ. ಪೆಟ್ಟಿಗೆಗಳನ್ನು ಆ ಹುಡುಗಿಯ ತೂಕದ ಯಂತ್ರದ ಮೇಲೆಯೇ ಇಟ್ಟರು. ಹನ್ನೊಂದು, ಹದಿನೇಳು, ಇಪ್ಪತ್ತಮೂರು.

"ಸರ್, ಹನ್ನೊಂದು ಕಿಲೋದವರ ಹತ್ರ ಓದಿದೋರು ಹತ್ತರಲ್ಲಿ ಒಂಬತ್ತು ಜನ ಪಾಸಾಗಿದ್ದಾರೆ. ಫೋನ್ ಮಾಡಿದ್ರೆ ಮೇಷ್ಟ್ರೇ ಎತ್ತಿ ಹೇಳಿಕೊಡ್ತಾರೆ," ಎಂದಳು ಹುಡುಗಿ.

"ಪಾಸಾಗೋದು ಓದಿದವರ ಗುಣ ಕಣಮ್ಮ. ಅದನ್ನ ಶಾಲೆ ತಲೆಗೆ ಕಟ್ಟೋಕಾಗಲ್ಲ," ಎಂದರು ಅಧ್ಯಕ್ಷರು.

"ಮತ್ತೆ ಫೋನ್ ಎತ್ತೋದು?"

"ಕೆಲಸ ಇಲ್ಲದವರು ಎತ್ತುತ್ತಾರೆ," ಎಂದರು ಭಾವಮೈದುನ.

ತೂಕದ ಸುದ್ದಿ ಹೇಗೋ ಹೊರಬಿತ್ತು. ಹೇಗೋ ಎಂದರೆ, ಭಾವಮೈದುನನ ಬಾಯಿಂದ. ಗಾಳಿ ಬಂದಾಗ ತೂರಿಕೊಳ್ಳಬಲ್ಲ ಎರಡು ಶಾಲೆಗಳು ತಿಂಗಳು ತಿಂಗಳೂ ಇನ್ನಷ್ಟು ಭಾರದ 'ಪರಿಷ್ಕೃತ ಪೆಟ್ಟಿಗೆ' ಕಳಿಸತೊಡಗಿದವು. ಹನ್ನೊಂದು ಕಿಲೋದವರು ಮಾತ್ರ 'ಪಾಸಾಗಲು ಇಷ್ಟು ಸಾಕು' ಎಂದು ಬರೆದರು. ಆ ಪತ್ರವನ್ನು 'ಉದ್ಧಟತನ' ಎಂಬ ತಲೆಬರಹದಡಿ ಫೈಲಿಗೆ ಸೇರಿಸಲಾಯಿತು.

ಮರುತೂಕ ಹದಿನೆಂಟು ತಿಂಗಳು ನಡೆಯಿತು. ಪ್ರತಿ ಸಲವೂ ತೂಗಿದವಳು ಅವಳೇ. ಒಮ್ಮೆ ಯಂತ್ರದ ಮುಂದೆ ನಿಂತು ಅತ್ತುಬಿಟ್ಟಳು. ಅಳುವಿಗೆ ಪ್ರತ್ಯೇಕ ಕಾಲಂ ಇಲ್ಲದ್ದರಿಂದ ಅದು ದಾಖಲಾಗಲಿಲ್ಲ. ಸಮಿತಿಯವರ ನಾಚಿಕೆಗೂ ಕಾಲಂ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಕೊನೆಗೆ ನಲವತ್ತೊಂದು ಕಿಲೋದ ಶಾಲೆ ಗೆದ್ದಿತು. ಮೊಹರು ಒಡೆದಾಗ ಒಳಗೆ ಪುಸ್ತಕ ಇಡುವ ಕಬ್ಬಿಣದ ಗೂಡೊಂದು ಗಟ್ಟಿಮುಟ್ಟಾಗಿ ಕುಳಿತಿತ್ತು. ಪುಸ್ತಕ ಹನ್ನೆರಡೇ ಇದ್ದವು. ಉಳಿದೆರಡಕ್ಕೆ ಗೂಡಿನಲ್ಲಿ ಜಾಗ ಬಿಡಲಾಗಿದೆ ಎಂದು ಶಾಲೆ ಸ್ಪಷ್ಟೀಕರಣ ಕೊಟ್ಟಿತು. ಮೂಗಿಗಿಂತ ಮೂಗುತಿ ಭಾರ ಎಂದು ಯಾರೋ ಗೊಣಗಿದ್ದು ನಡಾವಳಿಯಲ್ಲಿಲ್ಲ. ಹುಡುಗಿಗೆ ಮೂವತ್ತು ತುಂಬಿ ಆಗಲೇ ಒಂಬತ್ತು ದಿನವಾಗಿತ್ತು.

ಸಂಸ್ಥೆ ಅವಳ ಕೈಬಿಡಲಿಲ್ಲ. ತೂಕದಲ್ಲಿ ಅವಳಿಗಿರುವ ಅನುಭವವನ್ನು ಮೆಚ್ಚಿ ಅವಳನ್ನು ಸಮಿತಿಯ ನಾಲ್ಕನೇ ಸದಸ್ಯೆಯಾಗಿ ನೇಮಿಸಿ, ತಿರುಗುವ ಕುರ್ಚಿ ಕೊಟ್ಟಿತು.

"ಹಾರೋದಕ್ಕಿಂತ ಕೂರೋದೇ ವಾಸಿ ಬಿಡೇ. ಬಿದ್ದರೂ ಪೆಟ್ಟಾಗಲ್ಲ," ಎಂದು ಅವಳ ಅಮ್ಮ ಸಮಾಧಾನ ಹೇಳಿದರು.

ಮುಂದಿನ ವರ್ಷ ಪೈಲಟ್ ಆಗಲು ಆಯ್ಕೆಯಾದವನು ಟಿಕೆಟ್ ಕೌಂಟರಿನವನು. ಅವನಿಗೂ ಇಪ್ಪತ್ತೆಂಟೂವರೆ. ಅಳುಕುತ್ತಲೇ ಅವಳ ಮೇಜಿನ ಹತ್ತಿರ ಬಂದು, ತೂಕದ ಯಂತ್ರದ ಪಕ್ಕ ಸಾಲಾಗಿದ್ದ ಹೊಸ ಪೆಟ್ಟಿಗೆಗಳನ್ನು ತೋರಿಸಿ ಕೇಳಿದ: "ಮೇಡಂ, ಇವುಗಳಲ್ಲಿ ಯಾವ ಶಾಲೇಲಿ ಚೆನ್ನಾಗಿ ಕಲಿಸ್ತಾರೆ?"

ಅವಳು ಯಂತ್ರದಿಂದ ಕಣ್ಣೆತ್ತಲಿಲ್ಲ.

"ಸ್ವಲ್ಪ ಇರಪ್ಪ," ಎಂದಳು, "ಇನ್ನೂ ತೂಗಿಲ್ಲ."